ಜ್ಯಾಂಗೋದಾಗ ಯಾರಿಗೆ ಯಾವ ಪರ್ಮಿಷನ್? ದಲಾಲಿ ಅಂಗಡಿ ಆ್ಯಪ್‌ಗೆ ಸಲಹೆ ಬೇಕ್ರಿ

ಗಂಜ್ ರಸ್ತೆ (ರಾಯಚೂರು)

ಎಲ್ಲರಿಗೂ ನಮಸ್ಕಾರ ರೀ. ರಾಜೇಂದ್ರ ಗಂಜ್‌ನಾಗ ಒಂದು ದಲಾಲಿ ಅಂಗಡಿಯ ವೆಬ್ ಆ್ಯಪ್ ನೋಡ್ಕೊಳ್ಳೋ ಕೆಲಸ ನನ್ನ ಕೈಗೆ ಬಂದದ. ಜ್ಯಾಂಗೋದಾಗ (ಪೈಥಾನ್ ಭಾಷೆಯಾಗ ವೆಬ್ ಆ್ಯಪ್ ಕಟ್ಟೋ ಚೌಕಟ್ಟು) ಅದ, ಹಿಂದ ಬ್ಯಾರೆಯವ್ರು ಬರೆದದ್ದು. ಸಾವ್ಕಾರ್ರದು ಮೂರು ಅಂಗಡಿ: ರಾಯಚೂರು, ಮಾನ್ವಿ, ಸಿಂಧನೂರು. ಹತ್ತಿ, ಭತ್ತ, ತೊಗರಿ ಬರ್ತದ. ತೂಕ ಬರಕೊಳ್ಳೋದು, ರೇಟ್ ಏರಸೋದು, ರೈತರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ತೆಗೆಯೋದು, ಉದ್ರಿ ಖಾತೆ ನೋಡೋದು, ಎಲ್ಲಾ ಇದರಾಗೇ.

ತೂಕದ ಹುಡುಗನಿಂದ ಹಿಡಿದು ಸಾವ್ಕಾರ್ರ ತನಕ ಎಲ್ಲಾ ಲಾಗಿನ್‌ಗೂ ಸೂಪರ್‌ಯೂಸರ್ (ಎಲ್ಲಾ ಅಧಿಕಾರ ಇರೋ ಖಾತೆ) ಟಿಕ್ ಬಿದ್ದದ. ಮಾನ್ವಿ ಗುಮಾಸ್ತನಿಗೆ ರಾಯಚೂರು ರೈತರ ಉದ್ರಿ ಎಷ್ಟದ ಅಂತ ಕಾಣಸ್ತದ. ಒಬ್ಬ ರೈತನ ಮನಿ ಸಾಲದ ಲೆಕ್ಕ ಇನ್ನೊಂದು ಊರಿನ ಅಂಗಡ್ಯಾಗ ಕುಂತು ಓದೋ ಹಂಗ ಇರಬಾರದು ಅನ್ನೋದು ನನ್ನ ಹಟ.

ಮೂರು ಪ್ರಶ್ನಿ ಅವ. ಒಬ್ಬೊಬ್ಬರಿಗೆ ಪರ್ಮಿಷನ್ ಟಿಕ್ ಹಾಕ್ಲೋ, ಗ್ರೂಪ್ ಮಾಡ್ಲೋ? ಆಯಾ ಅಂಗಡಿಯವ್ರಿಗೆ ಆಯಾ ಅಂಗಡಿ ದಾಖಲೆ ಮಾತ್ರ ಕಾಣೋ ಹಂಗ ಹ್ಯಾಂಗ ಮಾಡೋದು? ಮತ್ತ ಶೆಲ್‌ನಾಗ (ಕೋಡ್ ಟೈಪ್ ಮಾಡಿ ಓಡಿಸೋ ಪರದೆ) ಒಬ್ಬನಿಗೆ ಪರ್ಮಿಷನ್ ಕೊಟ್ಟು ‘ಹ್ಯಾಸ್ ಪರ್ಮ್’ (ಪರ್ಮಿಷನ್ ಅದ ಏನು) ಕೇಳಿದ್ರ ಇನ್ನೂ ಫಾಲ್ಸ್ ಅಂತದ, ಯಾಕ?

ಕಿನ್ನಾಳ ಬಣ್ಣ (ಕೊಪ್ಪಳ)

ಮೊದ್ಲ ಸೂಪರ್‌ಯೂಸರ್ ಟಿಕ್ ತೆಗೀರಿ. ಅದು ಇರೋ ತನಕ ನೀವು ಏನು ಪರೀಕ್ಷಿ ಮಾಡಿದ್ರೂ ಉಪಯೋಗಿಲ್ಲ. ಸೂಪರ್‌ಯೂಸರ್‌ಗೆ ‘ಹ್ಯಾಸ್ ಪರ್ಮ್’ ಏನ ಕೇಳ್ರಿ, ಟ್ರೂ ಅಂತೈತಿ. ಹೆಸರೇ ಇಲ್ಲದ ಪರ್ಮಿಷನ್ ಕೇಳಿದ್ರೂ ಟ್ರೂ!

ಗಂಜ್ ರಸ್ತೆ

ಹೌದ್ರಿ, ನಿನ್ನೆ ಅಕ್ಷರ ತಪ್ಪಿದ ಹೆಸರು ಕೊಟ್ಟು ಕೇಳಿದ್ರೂ ಟ್ರೂ ಬಂತು. ಈಗ ತಿಳೀತು ಯಾಕಂತ.

ಎಡದಂಡೆ ಕಾಲುವೆ (ಸಿಂಧನೂರು)

ಮೂರನೇ ಪ್ರಶ್ನಿ ಹಗುರದ, ಅದನ್ನ ಮುಗಿಸಿಬಿಡ್ತೀನಿ. ಪರ್ಮಿಷನ್ ಕೊಡೋಕ್ಕಿಂತ ಮೊದಲು ಅದೇ ಶೆಲ್‌ನಾಗ ಒಮ್ಮೆ ‘ಹ್ಯಾಸ್ ಪರ್ಮ್’ ಕೇಳಿರ್ತೀರಿ. ಅವಾಗ ಜ್ಯಾಂಗೋ ಆ ಯೂಸರ್ ಆಬ್ಜೆಕ್ಟ್ ಮ್ಯಾಲೇ ಪರ್ಮಿಷನ್‌ಗಳನ್ನ ಕ್ಯಾಶ್ ಮಾಡಿ (ನೆನಪಿನಾಗ) ಇಟ್ಕೊಂಡುಬಿಡ್ತದ. ಆಮ್ಯಾಲ ಕೊಟ್ಟದ್ದು ಅದಕ್ಕ ಗೊತ್ತಾಗಂಗಿಲ್ಲ. ‘ರಿಫ್ರೆಶ್ ಫ್ರಮ್ ಡಿಬಿ’ (ಅದೇ ಆಬ್ಜೆಕ್ಟ್‌ಗೆ ಡೇಟಾಬೇಸ್‌ನಿಂದ ಮಾಹಿತಿ ಮತ್ತ ತುಂಬೋದು) ಮಾಡಿದ್ರೂ ಆ ಕ್ಯಾಶ್ ಹೋಗಂಗಿಲ್ಲ. ಯೂಸರ್‌ನ ಡೇಟಾಬೇಸ್‌ನಿಂದ ಹೊಸದಾಗಿ ‘ಗೆಟ್’ ಮಾಡಿ ಕೇಳ್ರಿ, ಟ್ರೂ ಬರ್ತದ. ವೆಬ್‌ನಾಗ ಈ ತೊಂದರೆ ಇಲ್ಲ, ಪ್ರತಿ ರಿಕ್ವೆಸ್ಟ್‌ಗೂ ಯೂಸರ್ ಹೊಸದಾಗಿ ಬರ್ತಾನ.

ಅದಕ್ಕೂ ಬರಲಿಲ್ಲ ಅಂದ್ರ ಆ್ಯಪ್ ಹೆಸರು ಬಿಟ್ಟಿರ್ತೀರಿ. ‘ಚೇಂಜ್ ಪಟ್ಟಿ’ ಅಂತಷ್ಟೇ ಕೇಳಿದ್ರ ಸಾಲಂಗಿಲ್ಲ, ಮುಂದ ಆ್ಯಪ್ ಹೆಸರು, ನಡುವ ಚುಕ್ಕಿ ಬೇಕು. ಎರರ್ ಕೊಡಂಗಿಲ್ಲ ಅದು, ಸುಮ್ಮನ ಫಾಲ್ಸ್ ಅಂತದ. ಇನ್ನೊಂದು, ‘ಈಸ್ ಆ್ಯಕ್ಟಿವ್’ (ಖಾತೆ ಚಾಲ್ತಿ ಅದ) ಟಿಕ್ ಇಲ್ಲದ ಯೂಸರ್‌ಗೂ ಎಲ್ಲಾ ಫಾಲ್ಸೇ.

ಗಂಜ್ ರಸ್ತೆ

ಬಂತ್ರಿ! ಹೊಸದಾಗಿ ತಗೊಂಡ ಮ್ಯಾಲ ಟ್ರೂ ಅಂತು. ಭಾಳ ಉಪಕಾರ.

ಬಳ್ಳಾರಿ ಜೀನ್ಸ್ (ಬಳ್ಳಾರಿ)

ಗ್ರೂಪ್ ಮಾಡಿ, ಇನ್ನೊಂದು ಮಾತಿಲ್ಲ. ನಮ್ದು ಇಲ್ಲಿ ಜೀನ್ಸ್ ಯೂನಿಟ್. ಕಟಿಂಗ್ ಬೇರೆ, ಹೊಲಿಗೆ ಜಾಬ್‌ವರ್ಕ್ ಬೇರೆ, ವಾಷಿಂಗ್ ಬೇರೆ. ಹೊಲಿಯೋರಿಗೆ ಒಂದು ಪೀಸ್‌ಗೆ ಎಷ್ಟು ಅಂತ ಒಬ್ಬೊಬ್ಬರ ಹತ್ರ ಒಂದೊಂದು ರೇಟ್ ಮಾತಾಗಿರ್ತೈತೆ. ಆ ರೇಟ್ ವಾಷಿಂಗ್ ಕಡೆಯೋರಿಗೆ ಕಾಣಬಾರದು. ಮೊದಲಿದ್ದ ಸಾಫ್ಟ್‌ವೇರ್‌ನಾಗೆ ಒಬ್ಬೊಬ್ಬರಿಗೆ ಟಿಕ್ ಹಾಕ್ತಿದ್ರು. ಒಬ್ಬ ಬಿಟ್ಟುಹೋಗಿ ಇನ್ನೊಬ್ಬ ಬಂದ್ರೆ ಅವನ ಟಿಕ್‌ಗಳನ್ನ ನೋಡ್ಕೊಂಡು ಇವನಿಗೆ ಹಾಕೋದು, ಒಂದು ಬಿಟ್ಟೋಗೋದು, ಒಂದು ಜಾಸ್ತಿ ಆಗೋದು. ಗ್ರೂಪ್ ಮಾಡಿದ ಮೇಲೆ ಹೊಸಬ ಬಂದ್ರೆ ಗ್ರೂಪಿಗೆ ಸೇರಿಸಿದ್ರೆ ಮುಗೀತು.

ಶಕ್ತಿನಗರ ಚಿಮಣಿ (ರಾಯಚೂರು)

ಗ್ರೂಪ್ ಅಂದ್ರ ಸರಿ, ಆದ್ರ ಯಾವ ಲೆಕ್ಕದ ಮ್ಯಾಲ ಗ್ರೂಪ್? ‘ಮ್ಯಾನೇಜರ್’, ‘ಸೀನಿಯರ್’ ಅಂತ ಹುದ್ದಿ ಹೆಸರಿಟ್ಟು ಮಾಡಿದ್ರ ಕೆಡ್ತದ. ಮ್ಯಾನೇಜರ್‌ಗೆ ದಿನಕ್ಕೊಂದು ಹೊಸ ಕೆಲಸ ಹತ್ತತದ, ಗ್ರೂಪ್ ಉಬ್ಬಿ ಉಬ್ಬಿ ಕಡೀಗೆ ಸೂಪರ್‌ಯೂಸರ್‌ಗೂ ಅವನಿಗೂ ಫರಕ್ ಉಳಿಯಂಗಿಲ್ಲ. ಕೆಲಸದ ಮ್ಯಾಲ ಮಾಡ್ರಿ: ತೂಕ ಬರೆಯೋರು, ರೇಟ್ ಏರಸೋರು, ಪಟ್ಟಿ ತೆಗೆಯೋರು, ಖಾತೆ ನೋಡೋರು. ಒಬ್ಬನೇ ಎರಡು ಕೆಲಸ ಮಾಡಿದ್ರ ಎರಡೂ ಗ್ರೂಪ್‌ಗೆ ಹಾಕ್ರಿ.

ಜ್ಯಾಂಗೋದಾಗ ‘ಕೊಡಬ್ಯಾಡ’ ಅನ್ನೋ ಪರ್ಮಿಷನ್ ಇಲ್ಲ ಅನ್ನೋದು ನೆನಪಿಡ್ರಿ. ಯೂಸರ್‌ಗೆ ನೇರವಾಗಿ ಕೊಟ್ಟದ್ದು, ಗ್ರೂಪ್‌ನಿಂದ ಬಂದದ್ದು, ಎಲ್ಲಾ ಕೂಡಿಸ್ತದ, ಯಾವದನ್ನೂ ಕಳಿಯಂಗಿಲ್ಲ. ದೊಡ್ಡ ಗ್ರೂಪ್ ಕೊಟ್ಟು, ‘ಇವನೊಬ್ಬನಿಗೆ ಡಿಲೀಟ್ ಬ್ಯಾಡ’ ಅನ್ನಾಕ ಆಗಂಗಿಲ್ಲ. ಅದಕ್ಕೇ ಗ್ರೂಪ್ ಸಣ್ಣವಿರಬೇಕು.

ಬಳ್ಳಾರಿ ಜೀನ್ಸ್

ಹುದ್ದೆ ಹೆಸರು ಇಟ್ರೂ ನಡೀತೈತಪ್ಪ. ಮಾಲೀಕರಿಗೆ ಅರ್ಥ ಆಗೋದು ಹುದ್ದೆನೇ. ‘ರೇಟ್ ಏರಸೋರು’ ಅಂದ್ರೆ ಅವರು ಯಾರು ಅಂತ ಕೇಳ್ತಾರೆ.

ಶಕ್ತಿನಗರ ಚಿಮಣಿ

ಮಾಲೀಕರಿಗೆ ಹುದ್ದಿ ತೋರಸ್ರಿ, ನನ್ನ ತಕರಾರಿಲ್ಲ. ಆದ್ರ ಕೋಡ್‌ನಾಗ ಹುದ್ದಿ ಹೆಸರು ಬರಬಾರದು. ‘ಈ ಯೂಸರ್ ಮುನೀಮ ಗ್ರೂಪ್‌ನಾಗ ಇದ್ದಾನೇನು’ ಅಂತ ಗ್ರೂಪ್ ಹೆಸರು ನೋಡಿ ಬರೆದ ಕೋಡ್ ಎಷ್ಟು ಕಡೆ ನೋಡೀನಿ! ನಾಳೆ ಯಾರೋ ಅಡ್ಮಿನ್‌ನಾಗ (ಜ್ಯಾಂಗೋದ ನಿರ್ವಹಣಾ ಪುಟ) ಹೋಗಿ ಗ್ರೂಪ್ ಹೆಸರಿಗೆ ಒಂದು ಸ್ಪೇಸ್ ಸೇರಿಸಿದ್ರ ಅಂಗಡಿ ಬಂದ್. ಕೋಡ್ ಕೇಳಬೇಕಾದ್ದು ಪರ್ಮಿಷನ್ನ ಮಾತ್ರ. ಆ ಪರ್ಮಿಷನ್ ಯಾವ ಗ್ರೂಪ್‌ನಾಗ ಅದ ಅನ್ನೋದು ಅಡ್ಮಿನ್‌ನಾಗ ಕುಂತೋರ ವಿಚಾರ.

ಕಿನ್ನಾಳ ಬಣ್ಣ

ಇದಕ್ಕ ನನ್ನ ಪೂರಾ ಒಪ್ಪಿಗಿ ಐತಿ.

ಬಳ್ಳಾರಿ ಜೀನ್ಸ್

ಹ್ಞಾಂ, ಇದು ಸರಿ. ಕೋಡ್‌ನಾಗೆ ಹೆಸರು ಬೇಡ.

ತುಂಗಾಪಾನ (ಗಂಗಾವತಿ)

ಎರಡನೇ ಪ್ರಶ್ನೆಗೆ ಯಾರೂ ಬಂದಿಲ್ಲ, ಅಸಲು ವಿಷಯ ಅಲ್ಲೇ ಐತಿ. ಜ್ಯಾಂಗೋ ತಾನಾಗಿ ಕೊಡೋದು ಪ್ರತಿ ಮಾಡೆಲ್‌ಗೆ (ಡೇಟಾಬೇಸ್‌ನ ಒಂದೊಂದು ಟೇಬಲ್) ನಾಲ್ಕು ಪರ್ಮಿಷನ್: ಆಡ್, ಚೇಂಜ್, ಡಿಲೀಟ್, ವ್ಯೂ. ವ್ಯೂ ಬಂದದ್ದು 2018ರ 2.1 ಆವೃತ್ತಿಯಿಂದ. ಈ ನಾಲ್ಕೂ ಪೂರಾ ಟೇಬಲ್‌ಗೆ ಅನ್ವಯ ಆಗತಾವು. ‘ಪಟ್ಟಿ ನೋಡಬಹುದು’ ಅಂದ್ರೆ ಮೂರೂ ಅಂಗಡಿಯ ಎಲ್ಲಾ ಪಟ್ಟಿ ನೋಡಬಹುದು ಅಂತ. ‘ಮಾನ್ವಿ ಪಟ್ಟಿ ಮಾತ್ರ’ ಅನ್ನೋದು ಅದರ ಭಾಷೆಯೊಳಗ ಇಲ್ಲ.

‘ಹ್ಯಾಸ್ ಪರ್ಮ್’ಗೆ ಎರಡನೇದಾಗಿ ಒಂದು ಆಬ್ಜೆಕ್ಟ್ ಕೊಡಾಕ ಬರತೈತಿ. ಅದನ್ನ ನೋಡಿ ಭಾಳ ಮಂದಿ ಕೆಲಸ ಆತು ಅಂದ್ಕೊಂತಾರ. ಆದ್ರೆ ಮೂಲ ಬ್ಯಾಕೆಂಡ್‌ಗೆ (ಲಾಗಿನ್, ಪರ್ಮಿಷನ್ ನೋಡೋ ಭಾಗ) ಆಬ್ಜೆಕ್ಟ್ ಕೊಟ್ರೆ ಅದು ಸೀದಾ ಫಾಲ್ಸ್ ಅಂತೈತಿ, ಪರ್ಮಿಷನ್ ಇದ್ರೂ. ಅಲ್ಲಿ ನಿಮ್ಮ ಸ್ವಂತ ಬ್ಯಾಕೆಂಡ್ ಬರೀಬೇಕು, ಇಲ್ಲಾ ಒಂದೊಂದು ದಾಖಲೆಗೆ ಪರ್ಮಿಷನ್ ಇಡೋ ‘ಜ್ಯಾಂಗೋ ಗಾರ್ಡಿಯನ್’ ಪ್ಯಾಕೇಜ್ ಹಾಕ್ಬೇಕು.

ಹಟ್ಟಿ ಹೊಳಪು (ಲಿಂಗಸೂಗೂರು)

ಗಾರ್ಡಿಯನ್ ಹಾಕ್ರಿ ಮತ್ತ, ಅದಕ್ಕಂತಲೇ ಇರೋದು.

ತುಂಗಾಪಾನ

ಇಲ್ಲಿಗೆ ಬೇಡ. ಗಾರ್ಡಿಯನ್ ಯಾವ ಯೂಸರ್‌ಗೆ ಇಲ್ಲಾ ಗ್ರೂಪ್‌ಗೆ, ಯಾವ ದಾಖಲೆಗೆ, ಯಾವ ಪರ್ಮಿಷನ್ ಅಂತ ಒಂದೊಂದಕ್ಕೂ ಒಂದೊಂದು ಸಾಲು ಇಡತೈತಿ. ಸುಗ್ಗಿಯೊಳಗ ಬರೋ ಒಂದೊಂದು ಪಟ್ಟಿಗೂ ಹಂಗ ಸಾಲು ಬರೀಬೇಕು, ಗುಮಾಸ್ತ ಬದಲಾದ್ರೆ ತಿದ್ದಬೇಕು. ಎಲ್ಲೋ ಒಂದು ದಾಖಲೆ ಇನ್ಯಾರಿಗೋ ತೋರಸ್ಬೇಕು ಅನ್ನೋ ಕಡೆ ಗಾರ್ಡಿಯನ್ ಚಲೋ. ಇವರದು ಹಂಗಲ್ಲ. ಪಟ್ಟಿ ಯಾವ ಅಂಗಡಿದು ಅಂತ ಪಟ್ಟಿ ಮೇಲೇ ಫಾರಿನ್ ಕೀ (ಅಂಗಡಿ ದಾಖಲೆಗೆ ಕೊಂಡಿ) ಇರತೈತಿ. ಯೂಸರ್ ಯಾವ ಅಂಗಡಿಯವ ಅಂತ ಪ್ರೊಫೈಲ್‌ನ್ಯಾಗ ಇಡ್ರಿ. ಕ್ವೆರಿಯೊಳಗ (ಡೇಟಾಬೇಸ್‌ಗೆ ದಾಖಲೆ ಕೇಳೋದು) ‘ಈ ಯೂಸರ್‌ನ ಅಂಗಡಿ’ ಅಂತ ಫಿಲ್ಟರ್ ಹಾಕ್ರಿ, ಮುಗೀತು.

ಅದೇ ಫಿಲ್ಟರ್‌ನ ಹತ್ತು ವ್ಯೂದಾಗ (ಪುಟ ತಯಾರಿಸೋ ಕೋಡ್, ವ್ಯೂ ಪರ್ಮಿಷನ್ ಅಲ್ಲ) ಹತ್ತು ಸಲ ಬರೀಬೇಡ್ರಿ, ಹನ್ನೊಂದನೇ ವ್ಯೂದಾಗ ಮರೀತೈತಿ. ಕ್ವೆರಿಸೆಟ್ (ಕ್ವೆರಿಯಿಂದ ಬರೋ ದಾಖಲೆಗಳ ಗುಂಪು) ಮೇಲೆ ‘ಯೂಸರ್‌ಗೆ ಕಾಣೋದು’ ಅಂತ ಒಂದೇ ಮೆಥಡ್ ಮಾಡಿ, ಎಲ್ಲಾ ಕಡೆ ಅದನ್ನೇ ಕರೀರಿ. ಅಡ್ಮಿನ್‌ನ್ಯಾಗ ‘ಗೆಟ್ ಕ್ವೆರಿಸೆಟ್’ ಬದಲಾಯಿಸಿ ಅಲ್ಲೂ ಅದೇ.

ಎಡದಂಡೆ ಕಾಲುವೆ

ಇದಕ್ಕ ಒಂದು ಸೇರಿಸ್ತೀನಿ. ಪಟ್ಟಿ ಫಿಲ್ಟರ್ ಆದ್ರೂ ಫಾರ್ಮ್‌ನಾಗ ರೈತರ ಡ್ರಾಪ್‌ಡೌನ್ ಹಂಗೇ ಉಳಿದಿರ್ತದ. ಹೊಸ ಪಟ್ಟಿ ತೆಗೆಯೋವಾಗ ಮಾನ್ವಿ ಗುಮಾಸ್ತನಿಗೆ ಮೂರೂ ಊರಿನ ರೈತರ ಹೆಸರು ಸಾಲಾಗಿ ಕಾಣಸ್ತಾವ. ಫಾರ್ಮ್‌ನ ಆ ಫೀಲ್ಡ್‌ನ ಕ್ವೆರಿಸೆಟ್ ಕಟ್ಟಬೇಕು. ಅಡ್ಮಿನ್‌ನಾಗ ಆದ್ರ ‘ಫಾರ್ಮ್‌ಫೀಲ್ಡ್ ಫಾರ್ ಫಾರಿನ್ ಕೀ’ ಅನ್ನೋ ಮೆಥಡ್ ಅದ. ಎಕ್ಸೆಲ್‌ಗೆ ಇಳಿಸ್ಕೊಳ್ಳೋ ರಿಪೋರ್ಟ್ ಇದ್ರ ಅದನ್ನೂ ನೋಡ್ರಿ. ಪರದೆ ಮ್ಯಾಲ ಕಾಣದ್ದು ಎಕ್ಸೆಲ್‌ನಾಗ ಪೂರಾ ಇಳೀತಿರ್ತದ.

ಗಂಜ್ ರಸ್ತೆ

ಡ್ರಾಪ್‌ಡೌನ್ ಈಗ ತೆಗೆದು ನೋಡಿದೆ, ಮೂರೂ ಊರಿನವ್ರು ಅದಾರ. ಎಕ್ಸೆಲ್ ವ್ಯೂಕ್ಕಂತೂ ಲಾಗಿನ್ ಚೆಕ್ಕೇ ಇಲ್ಲ, ಲಿಂಕ್ ಗೊತ್ತಿದ್ದವ್ರು ಯಾರಾದ್ರೂ ಇಳಿಸ್ಕೋಬಹುದು! ಇವತ್ತು ರಾತ್ರಿನೇ ಬಂದ್ ಮಾಡ್ತೀನಿ.

ಕಿನ್ನಾಳ ಬಣ್ಣ

ಈಗಿಂದೀಗ ಮಾಡ್ರಿ, ರಾತ್ರಿ ತನಕ ಯಾಕ. ಜ್ಯಾಂಗೋ 5.1 ಇಲ್ಲಾ ಅದರ ಮೇಲಿಂದಿದ್ರೆ ‘ಲಾಗಿನ್ ರಿಕ್ವೈರ್ಡ್ ಮಿಡಲ್‌ವೇರ್’ ಅಂತ ಐತಿ, 2024ರಾಗ ಬಂದದ್ದು. ಅದನ್ನ ಹಾಕಿದ್ರೆ ಎಲ್ಲಾ ವ್ಯೂಗೂ ಲಾಗಿನ್ ಕಡ್ಡಾಯ, ಬೇಡಾದ ಒಂದೆರಡಕ್ಕಷ್ಟ ವಿನಾಯಿತಿ ಕೊಡಬೇಕು. ಆದ್ರೆ ಅದು ಲಾಗಿನ್ ಅಷ್ಟ ನೋಡತೈತಿ, ಪರ್ಮಿಷನ್ ಅಲ್ಲ.

ಬೆಣ್ಣಿಹಳ್ಳಿ ಬಸ್ (ಕೊಪ್ಪಳ)

ಹತ್ತಿ ಹೆಂಗ ನಡದೈತ್ರಿ ರಾಯಚೂರಾಗ? ನಮ್ಮ ದೊಡ್ಡಪ್ಪ ಅಲ್ಲಿಗೇ ತರಬೇಕು ಅಂತಾನ.

ಗಂಜ್ ರಸ್ತೆ

ಆವಕ ಶುರು ಆಗ್ಯದ ರೀ. ತೇವ ಜಾಸ್ತಿ ಇದ್ರ ರೇಟ್ ಮುರೀತಾರ, ಚಲೋ ಒಣಗಿಸಿ ತರ್ರಿ ಅಂತ ಹೇಳ್ರಿ ದೊಡ್ಡಪ್ಪಗ. ಬೆಳಿಗ್ಗೆ ಲಗೂ ಬಂದ್ರ ಚಲೋ, ಗಾಡಿ ಪಾಳಿ ಭಾಳ ಇರ್ತದ.

ಲೆಕ್ಕದ ಅಕ್ಕ (ಹೊಸಪೇಟೆ ರಸ್ತೆ, ಬಳ್ಳಾರಿ)

ನಾನು ಕೋಡ್ ಬರೆಯೋಳಲ್ಲ, ಅಂಗಡಿಗಳ ಲೆಕ್ಕ ನೋಡೋಳು. ನೀವೆಲ್ಲ ಯಾರು ನೋಡಬೇಕು ಅನ್ನೋದನ್ನೇ ಮಾತಾಡ್ತಾ ಇದ್ದೀರಿ. ನನಗೆ ಅದಕ್ಕಿಂತ ದೊಡ್ಡದು ಬೇರೆ ಐತೆ. ತೂಕ ಬರೆದವನೇ ರೇಟ್ ಹಾಕಿ, ಅವನೇ ಪಟ್ಟಿ ಮಂಜೂರು ಮಾಡಿ, ಅವನೇ ರೊಕ್ಕ ಕೊಟ್ಟರೆ ನಾನು ಏನು ತಾಳೆ ನೋಡಲಿ? ಕ್ವಿಂಟಲ್‌ಗೆ ಎರಡು ಕೆಜಿ ಆಚೀಚೆ ಆದರೂ ಗೊತ್ತಾಗಲ್ಲ. ಹೋಗೋದು ರೈತನ ರೊಕ್ಕ. ಗೋದಾಮಿಗೆ ಎರಡು ಕೀಲಿ ಹಾಕಿ ಇಬ್ಬರ ಹತ್ರ ಇಡ್ತಾರಲ್ಲ, ಪಟ್ಟಿಗೂ ಹಂಗೇ ಇರಬೇಕು.

ಮಂಜೂರಾದ ಪಟ್ಟಿ ತಿದ್ದೋ ಅಧಿಕಾರ ಯಾರಿಗೂ ಬೇಡ, ಸಾವ್ಕಾರ್ರಿಗೂ ಬೇಡ. ತಪ್ಪಾಗಿದ್ದರೆ ಅದನ್ನ ರದ್ದು ಮಾಡಿ ಹೊಸ ಪಟ್ಟಿ ತೆಗೆಯಲಿ, ಎರಡೂ ದಾಖಲೆಯೊಳಗೆ ಉಳಿಯಲಿ. ಇದು ನಿಮ್ಮ ಜ್ಯಾಂಗೋದಾಗೆ ಆಗುತ್ತೋ ಇಲ್ಲೋ?

ತುಂಗಾಪಾನ

ಅಕ್ಕ, ಆಗತೈತಿ. ಇಡೀ ಚರ್ಚೆಯೊಳಗ ಎಲ್ಲಾದಕ್ಕಿಂತ ಮುಖ್ಯ ಪ್ರಶ್ನೆ ನಿಮ್ಮದು.

ಮಾಡೆಲ್‌ನ ಮೆಟಾದಾಗ (ಮಾಡೆಲ್ ಒಳಗಿನ ಸೆಟ್ಟಿಂಗ್) ‘ಪರ್ಮಿಷನ್ಸ್’ ಅಂತ ಲಿಸ್ಟ್ ಕೊಟ್ಟು ನಮ್ಮ ಸ್ವಂತ ಪರ್ಮಿಷನ್ ಸೇರಿಸಬಹುದು. ‘ಪಟ್ಟಿ ಮಂಜೂರು’, ‘ಪಟ್ಟಿ ರದ್ದು’ ಅಂತ ಎರಡು ಮಾಡಿ, ಮೈಗ್ರೇಟ್ ಮಾಡಿದ್ರೆ (ಬದಲಾವಣೆ ಡೇಟಾಬೇಸ್‌ಗೆ ಇಳಿಸೋದು) ಅಡ್ಮಿನ್‌ನ್ಯಾಗ ಕಾಣತಾವು. ಮಂಜೂರು ವ್ಯೂದಾಗ ಆ ಪರ್ಮಿಷನ್ ಕೇಳ್ರಿ. ಆದ್ರೆ ‘ತಾನು ಬರೆದದ್ದನ್ನ ತಾನೇ ಮಂಜೂರು ಮಾಡಬಾರದು’ ಅನ್ನೋದು ಪರ್ಮಿಷನ್ ಟೇಬಲ್‌ನ್ಯಾಗ ಕುಂದ್ರಂಗಿಲ್ಲ, ಯಾಕಂದ್ರೆ ಒಬ್ಬನಿಗೇ ಎರಡೂ ಪರ್ಮಿಷನ್ ಇರಬಹುದು. ಪಟ್ಟಿ ಮೇಲೆ ‘ಬರೆದವರು’ ಅಂತ ಫೀಲ್ಡ್ ಇಟ್ಟು, ಮಂಜೂರು ಮಾಡೋರು ಅವರೇ ಆಗಿದ್ರೆ ತಡೀಬೇಕು. ಆ ತಡೆ ವ್ಯೂದಾಗ ಬೇಡ, ಮಂಜೂರು ಮಾಡೋ ಫಂಕ್ಷನ್‌ನ್ಯಾಗೇ ಇರಲಿ. ಮೊಬೈಲ್‌ನಿಂದ ಬರಲಿ, ಅಡ್ಮಿನ್‌ನಿಂದ ಬರಲಿ, ಒಂದೇ ಕಡೆ ಸಿಗಬೇಕು.

ಲೆಕ್ಕದ ಅಕ್ಕ

ಹಂಗಾದರೆ ಬಹಳ ಸಂತೋಷ. ಮತ್ತೆ ಒಂದು ಮಾತು. ಎಲ್ಲ ಅಂಗಡಿಯಲ್ಲೂ ಒಂದೇ ಕಂಪ್ಯೂಟರ್, ಒಂದೇ ಪಾಸ್‌ವರ್ಡ್. ಬೆಳಿಗ್ಗೆ ಒಬ್ಬರು ತೆಗೆದ ಲಾಗಿನ್‌ನಾಗೆ ಸಂಜೆ ತನಕ ಎಲ್ಲರೂ ಕೆಲಸ ಮಾಡ್ತಾರೆ. ಬರೆದವರು ಯಾರು ಅಂತ ಫೀಲ್ಡ್ ಇಟ್ಟು ಏನು ಬಂತು?

ಶಕ್ತಿನಗರ ಚಿಮಣಿ

ಅಕ್ಕ ಹೇಳಿದ್ದು ನೂರಕ್ಕ ನೂರು ಖರೆ. ಎಲ್ಲರಿಗೂ ಬ್ಯಾರೆ ಬ್ಯಾರೆ ಲಾಗಿನ್ ಮಾಡಿಕೊಟ್ಟು, ಸೆಶನ್ ಸಮಯ ಕಡಿಮಿ ಮಾಡ್ರಿ. ಜ್ಯಾಂಗೋದಾಗ ಸೆಶನ್ ಕುಕ್ಕಿ (ಲಾಗಿನ್ ನೆನಪಿಡೋದು) ಹಂಗೇ ಬಿಟ್ರ ಎರಡು ವಾರ ನಡೀತದ. ಗಂಜ್‌ನಾಗ ಸೇರ್ಕೊಂಡು ಬಳಸೋ ಕಂಪ್ಯೂಟರ್‌ಗೆ ಎರಡು ವಾರ ಅಂದ್ರ ಭಾಳಾತು. ಮಂಜೂರು ಮಾಡೋವಾಗ ಮತ್ತೊಮ್ಮೆ ಪಾಸ್‌ವರ್ಡ್ ಕೇಳ್ರಿ. ಇಪ್ಪತ್ತು ಸಲ ಅಲ್ಲ, ಅದೊಂದೇ ಬಟನ್‌ಗೆ.

ಅಡ್ಮಿನ್‌ನ ಹಿಸ್ಟರಿ ನಂಬಿ ಕೂಡಬ್ಯಾಡ್ರಿ. ಅದು ಅಡ್ಮಿನ್ ಪುಟದಾಗ ಮಾಡಿದ್ದನ್ನ ಮಾತ್ರ ಬರೀತದ, ನಿಮ್ಮ ಸ್ವಂತ ವ್ಯೂದಾಗ ಆದದ್ದನ್ನ ಬರೆಯಂಗಿಲ್ಲ. ‘ಜ್ಯಾಂಗೋ ಸಿಂಪಲ್ ಹಿಸ್ಟರಿ’ ಹಾಕಿದ್ರ ಹಳೆ ತೂಕ ಏನಿತ್ತು, ಹೊಸದೇನು, ಯಾರು ಬದಲಾಯಿಸಿದ್ರು ಎಲ್ಲಾ ಉಳೀತದ.

ಕೋಟೆ ಕೆಳಗೆ (ಬಳ್ಳಾರಿ)

ಇಷ್ಟೆಲ್ಲಾ ತಲೆನೋವು ಯಾಕೆ? ಲಾರಾವೆಲ್‌ಗೆ (ಪಿಎಚ್‌ಪಿ ಭಾಷೆಯ ಇಂಥದೇ ಚೌಕಟ್ಟು) ಬಂದುಬಿಡಿ. ಪಾಲಿಸಿ ಅಂತ ಐತೆ, ‘ಅಪ್‌ಡೇಟ್’ ಮೆಥಡ್‌ಗೆ ಯೂಸರ್, ಪಟ್ಟಿ ಎರಡೂ ಬರ್ತಾವೆ, ಅಲ್ಲೇ ‘ಇಬ್ಬರದೂ ಅಂಗಡಿ ಒಂದೇ ಏನು’ ಅಂತ ಕೇಳಿದ್ರೆ ಆಯ್ತು. ಗ್ರೂಪ್ ತರದ ರೋಲ್‌ಗೆ ಸ್ಪೇಷಿ ಕಂಪನಿಯವರ ಪ್ಯಾಕೇಜ್ ಐತೆ.

ತುಂಗಾಪಾನ

ಪಾಲಿಸಿ ಚಲೋ ಐತಿ ಅಣ್ಣ, ಒಂದೊಂದು ದಾಖಲೆಗೆ ಕೇಳೋ ಪದ್ಧತಿ ಲಾರಾವೆಲ್‌ನ್ಯಾಗೇ ಐತಿ, ಒಪ್ತೀನಿ. ಆದ್ರೆ ಪಟ್ಟಿಗಳ ಸಾಲು ತೋರಿಸೋ ಪುಟಕ್ಕ ಅಲ್ಲೂ ಕ್ವೆರಿ ಫಿಲ್ಟರ್ ಬರೀಲೇಬೇಕು. ಸಾವಿರ ದಾಖಲೆ ತಂದು ಒಂದೊಂದಕ್ಕೂ ಪಾಲಿಸಿ ಕೇಳಾಕ ಆಗಂಗಿಲ್ಲ. ಸ್ಪೇಷಿಯೊಳಗೂ ಪರ್ಮಿಷನ್ ಕ್ಯಾಶ್ ಐತಿ, ಡೇಟಾಬೇಸ್‌ನ್ಯಾಗ ನೇರ ಕೈ ಹಾಕಿದ್ರೆ ಕ್ಯಾಶ್ ರೀಸೆಟ್ ಮಾಡಬೇಕು. ನಡೆಯೋ ಅಂಗಡಿ ಸಾಫ್ಟ್‌ವೇರ್‌ನ ಸುಗ್ಗಿಯೊಳಗ ಇನ್ನೊಂದು ಭಾಷೆಗೆ ಹೊತ್ತೊಯ್ಯೋದು ಬೇಡ.

ಕೋಟೆ ಕೆಳಗೆ

ಸುಗ್ಗಿ ಮುಗಿದ ಮೇಲೆ ಬನ್ನಿ ಹಂಗಾದ್ರೆ. ಕ್ಯಾಶ್ ಮಾತು ಸರಿ ಐತೆ.

ಹಟ್ಟಿ ಹೊಳಪು

ಮೊಬೈಲ್ ಆ್ಯಪ್ ಅದ ಏನ್ರಿ? ರೆಸ್ಟ್ ಫ್ರೇಮ್‌ವರ್ಕ್ (ಮೊಬೈಲ್ ಆ್ಯಪ್‌ಗೆ ಡೇಟಾ ಕೊಡೋ ಜ್ಯಾಂಗೋ ಪ್ಯಾಕೇಜ್) ಬಳಸಿದ್ರ ಒಂದು ಎಚ್ಚರ. ‘ಜ್ಯಾಂಗೋ ಮಾಡೆಲ್ ಪರ್ಮಿಷನ್ಸ್’ ಅನ್ನೋ ಕ್ಲಾಸ್ ಹಾಕಿದ್ರ ಆಡ್, ಚೇಂಜ್, ಡಿಲೀಟ್ ನೋಡ್ತದ, ಆದ್ರ ಗೆಟ್ ರಿಕ್ವೆಸ್ಟ್‌ಗೆ (ಬರೇ ಓದೋ ಕೋರಿಕೆ) ವ್ಯೂ ಪರ್ಮಿಷನ್ ಕೇಳಂಗಿಲ್ಲ. ಲಾಗಿನ್ ಆದವ್ರೆಲ್ಲಾ ಓದಬಹುದು. ಆ ಕ್ಲಾಸ್‌ನ ಮುಂದುವರಿಸಿ ‘ಪರ್ಮ್ಸ್ ಮ್ಯಾಪ್’ನಾಗ ಗೆಟ್‌ಗೆ ವ್ಯೂ ಸೇರಿಸಬೇಕು. ದಾಖಲಿ ಮಟ್ಟದ ಚೆಕ್ ಸಹ ಸಾಲು ತೋರಿಸೋ ಕಡೆ ನಡಿಯಂಗಿಲ್ಲ.

ಗಂಜ್ ರಸ್ತೆ

ಅದ ರೀ, ರೈತರಿಗೆ ತಮ್ಮ ಪಟ್ಟಿ ನೋಡಾಕ ಒಂದು ಸಣ್ಣ ಆ್ಯಪ್. ಅಂದ್ರ ಈಗ ಯಾವ ರೈತ ಬೇಕಾದ್ರೂ ನಂಬರ್ ಬದಲಾಯಿಸಿ ಇನ್ನೊಬ್ಬರ ಪಟ್ಟಿ ನೋಡಬಹುದಾ?

ಹಟ್ಟಿ ಹೊಳಪು

ಫಿಲ್ಟರ್ ಇಲ್ಲಂದ್ರ ನೋಡಬಹುದು. ವಿಳಾಸದಾಗ ಪಟ್ಟಿ ನಂಬರ್ 812 ಇದ್ದದ್ದನ್ನ 813 ಮಾಡಿದ್ರ ಆತು. ಒವಾಸ್ಪ್ (ವೆಬ್ ಸುರಕ್ಷತೆಯ ಸಂಸ್ಥೆ) 2021ರಾಗ ಹೊರಡಿಸಿದ ಹತ್ತು ದೊಡ್ಡ ಅಪಾಯಗಳ ಪಟ್ಟಿಯೊಳಗ ಮೊದಲನೇ ಸ್ಥಾನ ಇಂಥಾ ಮುರಿದ ಪ್ರವೇಶ ನಿಯಂತ್ರಣಕ್ಕೇ ಕೊಟ್ಟಾರ. ಟೆಂಪ್ಲೇಟ್‌ನಾಗ (ಪುಟದ ನಮೂನೆ) ಬಟನ್ ಮುಚ್ಚಿದ್ರ ರಕ್ಷಣೆ ಅಲ್ಲ, ಸರ್ವರ್‌ನಾಗ ಕೇಳಬೇಕು. ಇನ್ನೊಬ್ಬರ ಪಟ್ಟಿ ಕೇಳಿದ್ರ 403 ಬ್ಯಾಡ, 404 (‘ಅಂಥದ್ದು ಇಲ್ಲ’) ಕೊಡ್ರಿ. 403 ಅಂದ್ರ ‘ಪಟ್ಟಿ ಅದ, ನಿನಗ ಕೊಡಂಗಿಲ್ಲ’ ಅಂದಂಗ. ಫಿಲ್ಟರ್ ಮಾಡಿದ ಕ್ವೆರಿಸೆಟ್‌ನಿಂದ ತಗೊಂಡ್ರ ತಾನಾಗೇ 404 ಬರ್ತದ.

ಬಳ್ಳಾರಿ ಜೀನ್ಸ್

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆನೂ ಸಾವ್ಕಾರ್ರ ಕಿವಿಗೆ ಹಾಕಿ. ರೈತರ ಹೆಸರು, ಬ್ಯಾಂಕ್ ಖಾತೆ ಇಟ್ಕೊಂಡ ಮೇಲೆ ಕಾಪಾಡೋ ಹೊಣೆ ಅಂಗಡಿದೇ. ಅದನ್ನ ಹೇಳಿದ್ರೆ ನಿಮಗೆ ಕೆಲಸಕ್ಕೆ ಟೈಮ್ ಕೊಡ್ತಾರೆ.

ಎಡದಂಡೆ ಕಾಲುವೆ

ಗ್ರೂಪ್‌ನ ಕೈಯಿಂದ ಅಡ್ಮಿನ್‌ನಾಗ ಮಾಡಬ್ಯಾಡ್ರಿ, ಡೇಟಾ ಮೈಗ್ರೇಷನ್ (ಡೇಟಾಬೇಸ್‌ಗೆ ದಾಖಲೆ ತುಂಬೋ ಕೋಡ್) ಬರೀರಿ, ಹೊಸ ಸರ್ವರ್ ಹಾಕಿದಾಗ ತಾನಾಗೇ ಬರ್ತಾವ.

ಕಿನ್ನಾಳ ಬಣ್ಣ

ಅಲ್ಲೊಂದು ಕುಣಿ ಐತಿ. ಪರ್ಮಿಷನ್ ಸಾಲುಗಳು ಹುಟ್ಟೋದು ಮೈಗ್ರೇಷನ್ ಎಲ್ಲಾ ಮುಗಿದ ಮೇಲೆ, ‘ಪೋಸ್ಟ್ ಮೈಗ್ರೇಟ್’ ಸಿಗ್ನಲ್‌ನ್ಯಾಗ. ಹೊಸ ಡೇಟಾಬೇಸ್ ಮೇಲೆ ಡೇಟಾ ಮೈಗ್ರೇಷನ್ ಓಡುವಾಗ ಆ ಪರ್ಮಿಷನ್ ಇನ್ನೂ ಹುಟ್ಟಿರಂಗಿಲ್ಲ, ‘ಡಸ್ ನಾಟ್ ಎಗ್ಸಿಸ್ಟ್’ ಅಂತ ಬೀಳತೈತಿ. ಒಂದು ಮ್ಯಾನೇಜ್‌ಮೆಂಟ್ ಕಮಾಂಡ್ ಬರೆದು ಪ್ರತಿ ಡಿಪ್ಲಾಯ್ (ಸರ್ವರ್‌ಗೆ ಹೊಸ ಕೋಡ್ ಹಾಕೋದು) ಆದ ಮೇಲೆ ಓಡಿಸೋದು ನನಗ ಸರಿ ಕಾಣತೈತಿ. ಯಾವ ಗ್ರೂಪ್‌ಗೆ ಯಾವ ಪರ್ಮಿಷನ್ ಅಂತ ಒಂದೇ ಫೈಲ್‌ನ್ಯಾಗ ಇರತೈತಿ, ಲೆಕ್ಕದ ಅಕ್ಕಗೂ ತೋರಿಸಬಹುದು.

ಎಡದಂಡೆ ಕಾಲುವೆ

ಹೌದು, ಕಮಾಂಡೇ ಚಲೋ. ನನ್ನ ಮಾತು ಬಿಡ್ರಿ.

ಗಂಜ್ ರಸ್ತೆ

ಇಲ್ಲಿ ತನಕ ಆದದ್ದು: ಎಕ್ಸೆಲ್ ಬಂದ್ ಆತು. ಸೂಪರ್‌ಯೂಸರ್ ನನ್ನದೊಂದೇ ಉಳೀತು, ಅದೂ ದಿನದ ಕೆಲಸಕ್ಕ ಅಲ್ಲ. ಐದು ಗ್ರೂಪ್ ಆದ್ವು, ಮಂಜೂರು ಪರ್ಮಿಷನ್ ಬ್ಯಾರೆ ಆತು. ‘ಯೂಸರ್‌ಗೆ ಕಾಣೋದು’ ಮೆಥಡ್ ಬರೆದೀನಿ. ಪ್ರತಿ ಗ್ರೂಪ್‌ನ ಒಬ್ಬ ನಕಲಿ ಯೂಸರ್ ಮಾಡಿ, ಪ್ರತಿ ಪುಟಕ್ಕ ಏನು ಬರಬೇಕು ಅಂತ ಟೆಸ್ಟ್ ಬರೀತಿದೀನಿ.

ಈಗ ಎರಡು ಉಳಿದ್ವು. ಸಾವ್ಕಾರ್ರ ಮಗ ಹೊಸ ಹುಡುಗರ ಲಾಗಿನ್ ತಾವೇ ಮಾಡ್ತೀನಿ ಅಂತಾರ, ಅವರಿಗೆ ಯೂಸರ್ ಆಡ್, ಚೇಂಜ್ ಕೊಡ್ಲಾ? ಸುಗ್ಗಿಗೆ ಬಂದ ಹುಡುಗರು ಹೋದ ಮ್ಯಾಲ ಅವರ ಲಾಗಿನ್ ಡಿಲೀಟ್ ಮಾಡ್ಲಾ?

ಶಕ್ತಿನಗರ ಚಿಮಣಿ

ಯೂಸರ್ ಚೇಂಜ್ ಹಂಗೇ ಕೊಡಬ್ಯಾಡ್ರಿ. ಜ್ಯಾಂಗೋ ಅಡ್ಮಿನ್‌ನಾಗ ಯೂಸರ್ ಚೇಂಜ್ ಇದ್ದವ್ರು ತಮಗ ತಾವೇ ಸೂಪರ್‌ಯೂಸರ್ ಟಿಕ್ ಹಾಕೋಬಹುದು. ಮಗನ ಮ್ಯಾಲ ಸಂಶಯ ಅಂತಲ್ಲ, ಅವರ ಲಾಗಿನ್ ಇನ್ನೊಬ್ಬರ ಕೈಗೆ ಸಿಕ್ರ? ಯೂಸರ್ ಅಡ್ಮಿನ್‌ನ ಬದಲಾಯಿಸಿ, ಸೂಪರ್‌ಯೂಸರ್ ಅಲ್ಲದವ್ರಿಗೆ ‘ಈಸ್ ಸೂಪರ್‌ಯೂಸರ್’, ‘ಈಸ್ ಸ್ಟಾಫ್’ (ಅಡ್ಮಿನ್‌ಗೆ ಪ್ರವೇಶ), ಯೂಸರ್ ಪರ್ಮಿಷನ್, ಗ್ರೂಪ್ ಈ ನಾಲ್ಕೂ ಓದಾಕ ಮಾತ್ರ ಮಾಡ್ರಿ. ಸೂಪರ್‌ಯೂಸರ್ ಖಾತೆ ಅವರ ಸಾಲಿನಾಗ ಕಾಣದಂಗ ಮಾಡ್ರಿ, ಇಲ್ಲಂದ್ರ ನಿಮ್ಮ ಪಾಸ್‌ವರ್ಡ್ ಬದಲಾಯಿಸಬಹುದು. ಅದಕ್ಕಿಂತ ಚಲೋ ಅಂದ್ರ, ಅಡ್ಮಿನ್ ಬಿಟ್ಟು ಒಂದು ಸಣ್ಣ ಪುಟ: ಹೆಸರು, ಅಂಗಡಿ, ಗ್ರೂಪ್ ಆರಿಸೋದು. ಮಂಜೂರು ಗ್ರೂಪ್ ಆ ಪುಟದಾಗ ಇರಬಾರದು.

ತುಂಗಾಪಾನ

ಎರಡನೇದಕ್ಕ: ಡಿಲೀಟ್ ಮಾಡಬೇಡ್ರಿ. ‘ಈಸ್ ಆ್ಯಕ್ಟಿವ್’ ಟಿಕ್ ತೆಗೀರಿ. ಮೂಲ ಬ್ಯಾಕೆಂಡ್‌ನ್ಯಾಗ ಟಿಕ್ ಹೋದ ಯೂಸರ್‌ನ ತೆರೆದ ಸೆಶನ್ ಸಹ ಮುಂದಿನ ರಿಕ್ವೆಸ್ಟ್‌ಗೇ ನಿಲ್ಲತೈತಿ, ಬೇರೆ ಏನೂ ಮಾಡಬೇಕಾಗಿಲ್ಲ. ಮುಂದಿನ ಸುಗ್ಗಿಗೆ ಅದೇ ಹುಡುಗ ಬಂದ್ರೆ ಗ್ರೂಪ್ ನೋಡಿ ಮತ್ತ ಟಿಕ್ ಹಾಕ್ರಿ.

ಈಗಲೇ ಮಾಡೆಲ್ ತೆಗೆದು ಪಟ್ಟಿಯೊಳಗಿನ ‘ಬರೆದವರು’ ಫೀಲ್ಡ್‌ಗೆ ‘ಆನ್ ಡಿಲೀಟ್’ ಏನೈತಿ ನೋಡ್ರಿ. ಕ್ಯಾಸ್ಕೇಡ್ ಇದ್ರೆ ಯಾರೋ ಒಂದು ದಿನ ಹಳೆ ಯೂಸರ್ ಅಳಿಸಿದಾಗ ಅವನು ಬರೆದ ಪಟ್ಟಿಗಳೂ ಅದರ ಸಂಗಟನೇ ಹೋಗತಾವು.

ಗಂಜ್ ರಸ್ತೆ

ಕ್ಯಾಸ್ಕೇಡೇ ಅದ ರೀ!

ತುಂಗಾಪಾನ

ಪ್ರೊಟೆಕ್ಟ್ (ಪಟ್ಟಿ ಇರೋ ಯೂಸರ್‌ನ ಅಳಿಸದಂಗ ತಡೆಯೋದು) ಮಾಡ್ರಿ. ಮಾಡೋಕ್ಕಿಂತ ಮೊದಲು ಬ್ಯಾಕಪ್ ತಗೊಂಡು, ‘ಬರೆದವರು’ ಖಾಲಿ ಇರೋ ಹಳೆ ಪಟ್ಟಿ ಅದಾವೇನು ಅಂತ ಒಂದು ಕ್ವೆರಿ ಓಡಿಸಿ ನೋಡ್ರಿ. ಸಿಕ್ಕರೆ ಇಲ್ಲೇ ಹಾಕ್ರಿ, ನೋಡೋಣ.